ಕೊನೆಮನೆ ಅತ್ತೆ ಹಾಕಿದ ಗುಡ್ಡೆ

ಮೊಣಕೈವರೆಗೂ ಅರಿಶಿನ. ಕೊನೆಮನೆ ಅತ್ತೆಯನ್ನು ನೆನೆದರೆ ಮೊದಲು ಬರುವುದು ಮುಖವಲ್ಲ, ಆ ಎರಡು ಹಳದಿ ಕೈಗಳು. ಸೆರಗನ್ನು ಸೊಂಟಕ್ಕೆ ಬಿಗಿದು, ಸಮುದಾಯ ಭವನದ ಮುಂದೆ ಹಾಸಿದ ನೀಲಿ ಟಾರ್ಪಾಲಿನ ತಲೆಭಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಅವರು ಅರಿಶಿನ ಸವರಿದ ಮಾಂಸದ ಗುಡ್ಡೆ ಹಾಕುತ್ತಿದ್ದರು. ಅರಿಶಿನ ಅಷ್ಟು ದಟ್ಟವಾಗಿತ್ತೇ ಎಂದು ಈಗ ಅನುಮಾನ. ನೆನಪು ಹಬ್ಬದ ದಿನಗಳಿಗೆ ಬಣ್ಣವನ್ನು ಒಂದು ಕೈ ಹೆಚ್ಚಾಗಿಯೇ ಬಳಿಯುತ್ತದೆ. ಇರಲಿ, ಬೇರೆ ಕೈಗಳು ನನ್ನ ಹತ್ತಿರ ಇಲ್ಲ.

ಸಂಬಂಧದಲ್ಲಿ ಅವರು ನನಗೆ ಅತ್ತೆಯೇನಲ್ಲ. ಹಾರನಹಳ್ಳಿ ಕಡೆಯ ನಮ್ಮೂರಿನಲ್ಲಿ ಬೀದಿಯ ಕೊನೆಯ ಮನೆ ಅವರದು. ಹಾಗಾಗಿ ಊರಿಗೆಲ್ಲ ಕೊನೆಮನೆ ಅತ್ತೆ. ಯುಗಾದಿಯ ದಿನ ನಮ್ಮಲ್ಲಿ ಬೇವು, ಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಹೊಸತೊಡಕು, ಅಂದರೆ ಬಾಡೂಟ. ಊರೆಲ್ಲ ಸೇರಿ ಕುರಿ ತಂದು, ಕೊಯ್ದು, ಮನೆಗೊಂದು ಗುಡ್ಡೆಯಂತೆ ಹಂಚಿಕೊಳ್ಳುವುದು ಪದ್ಧತಿ. ತಕ್ಕಡಿ ಇಲ್ಲ, ಎಲ್ಲ ಕಣ್ಣಳತೆ. ಮೊದಲು ಗಂಡಸರೇ ಗುಡ್ಡೆ ಹಾಕುತ್ತಿದ್ದರಂತೆ. ಪ್ರತಿ ವರ್ಷವೂ ಲಿವರಿನ ತುಂಡಿಗೆ ಜಗಳ. ಕೊನೆಗೆ ಯಾರೋ, ತಿನ್ನದವರ ಕೈಗೆ ಕೊಟ್ಟುಬಿಡಿ ಎಂದರು. ಊರಿನಲ್ಲಿ ತಿನ್ನದವರೆಂದರೆ ಅತ್ತೆಯೊಬ್ಬರೇ.

ಮಾಂಸ ಯಾಕೆ ಬಿಟ್ಟರು? ಅವ್ವನನ್ನು ಕೇಳಿದರೆ ಮಾದಪ್ಪನ ಹರಕೆ. ದೊಡ್ಡಮ್ಮನನ್ನು ಕೇಳಿದರೆ ಸಾಕಿದ ಟಗರೊಂದರ ಕಥೆ. ಪ್ರತಿ ಸಲವೂ ಅದರ ಬಣ್ಣ ಬದಲಾಗುತ್ತಿತ್ತು. ಅತ್ತೆಯನ್ನೇ ಕೇಳಿದರೆ, "ಹಲ್ಲಿಲ್ಲ ಕಣವ್ವ, ಮೂಳೆ ಕಡಿಯೋರ್ ಯಾರು?" ಹಾಗೆನ್ನುವಾಗ ಅವರ ಬಾಯಿ ತುಂಬ ಹಲ್ಲು. ಮೂರನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಆರಿಸಿಕೊಳ್ಳುವ ಧೈರ್ಯ ನನಗಿಲ್ಲ.

ಅವರು ಗುಡ್ಡೆ ಹಾಕುವ ರೀತಿ ಮಾತ್ರ ನನಗೆ ಚೆನ್ನಾಗಿ ಗೊತ್ತು. ಒಮ್ಮೆ ಎಲ್ಲವನ್ನೂ ಹಾಕಿ ಮುಗಿಸಿ, ಕೈ ಕಟ್ಟಿ ಕೂತು, ಮಾಂಸವನ್ನು ಬಿಟ್ಟು ಸುತ್ತ ನಿಂತವರ ಕಣ್ಣುಗಳನ್ನು ನೋಡುತ್ತಿದ್ದರು. ಯಾವ ಗುಡ್ಡೆಯ ಮೇಲೆ ಕಣ್ಣುಗಳು ನಿಂತವೋ ಅದರಿಂದ ಒಂದು ತುಂಡು ತೆಗೆದು, ಯಾರೂ ನೋಡದ ಗುಡ್ಡೆಗೆ ಹಾಕುವುದು. ಮತ್ತೆ ಕಣ್ಣುಗಳನ್ನು ನೋಡುವುದು. "ಎಲ್ರ ಕಣ್ಣೂ ದಿಕ್ಕೆಟ್ಟು ಅಲೀತಾ ಅವೆ ಅಂದ್ರೆ ಸರೀಗ್ ಬಿತ್ತು ಅಂತ" ಎನ್ನುತ್ತಿದ್ದರು.

ಒಂದು ಗುಡ್ಡೆ ಯಾವಾಗಲೂ ರಾತ್ರಿ ನಮ್ಮೂರಲ್ಲೇ ತಂಗುವ ಬಸ್ಸಿನ ಡ್ರೈವರ್ ಕಂಡಕ್ಟರಿಗೆ. ಎಲ್ಲಿಯವರೋ, ಯಾವ ಜನವೋ. ಅವರ ಪಾಲಿನದನ್ನು ಅತ್ತೆಯ ಸೊಸೆ ಬೇಯಿಸಿ ಕೊಡಬೇಕು. "ತೊಡಕಿನ ದಿನ ಆ ಊರಲ್ಲಿ ಬೇಳೆಸಾರು ಉಂಡ್ಕೊಂಡ್ ಬಂದೆ ಅಂತ ಯಾವನೂ ಅಂದ್ಕೊಂಡು ತಿರುಗಬಾರ್ದು ಕಣ್ರಲಾ. ಹುಣಸೂರ್ ಗಂಟ ನಮ್ ಮಾನ ಓಯ್ತದೆ" ಎನ್ನುತ್ತಿದ್ದರು ಅತ್ತೆ.

ನನ್ನ ಮದುವೆಯಾದ ವರ್ಷದ ಮಾತಿಗೆ ಬರುತ್ತೇನೆ.

ಮೊದಲ ಯುಗಾದಿಗೆ ಗಂಡನನ್ನು ಕರೆದುಕೊಂಡು ತವರಿಗೆ ಬಂದಿದ್ದೆ. ಅವರು ಕೆ.ಆರ್. ನಗರದ ಕಡೆಯವರು, ಭತ್ತದ ಸೀಮೆಯ ಜನ. ನಮ್ಮೂರಿನ ತೊಡಕಿನ ಬಗ್ಗೆ ದಾರಿಯುದ್ದಕ್ಕೂ ಜಂಬ ಕೊಚ್ಚಿದ್ದೆ. ಬಂದು ನೋಡಿದರೆ ಅಪ್ಪನಿಗೂ ದೊಡ್ಡಪ್ಪನಿಗೂ ಮಾತಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇಬ್ಬರಿಗೂ ಸೇರಿ ಒಂದೇ. ಯಾರ ಸೊಪ್ಪು ಮೊದಲು ಏರಿಸಬೇಕೆಂದು ಜಗಳವಾಗಿ, ಕಾದು ಕಾದು ಅಪ್ಪನ ಸೊಪ್ಪು ಕಪ್ಪಾಗಿತ್ತು.

ತೊಡಕಿಗೆ ಸೇರುವವರು ಊರಿನ ಯಜಮಾನನಾದ ದೊಡ್ಡಪ್ಪನ ಜಗುಲಿಗೆ ಹೋಗಿ "ನಮ್ದೂ ಒಂದು" ಎಂದು ಹೇಳಿ ಬರಬೇಕು. ಅಪ್ಪ ಹೋಗಲಿಲ್ಲ. ದೊಡ್ಡಪ್ಪ ಹೇಳಿ ಕಳಿಸಲಿಲ್ಲ. ಪಿರಿಯಾಪಟ್ಟಣಕ್ಕೆ ಬೈಕಿನಲ್ಲಿ ಹೋದರೆ ಅಂಗಡಿಯಲ್ಲಿ ಮಟನ್ ಸಿಗುತ್ತದೆ, ನಿಜ. ಆದರೆ ತೊಡಕಿನ ದಿನ ಅಂಗಡಿಯ ಕವರು ಹಿಡಿದು ಬೀದಿಯಲ್ಲಿ ನಡೆದರೆ, ಊರಿನಿಂದ ಹೊರಗಾದೆವೆಂದು ನಾವೇ ಡಂಗೂರ ಹೊಡೆದಂತೆ. ಅವ್ವ ಬೆಳಿಗ್ಗೆಯೇ ಮಸಾಲೆ ಅರೆದಿಟ್ಟು, ಯಾವ ಸಾರಿಗೆಂದು ಹೇಳದೆ ಕೂತಿದ್ದಳು. ನಡುಮನೆಯಲ್ಲಿ ಹೊಸ ಅಳಿಯ ಹೊಸ ಪಂಚೆ ಉಟ್ಟು ಹಳೆಯ ಪೇಪರ್ ಓದುತ್ತಿದ್ದರು.

ತಡೆಯಲಾರದೆ ನಾನು ಸಮುದಾಯ ಭವನದ ಹತ್ತಿರ ಹೋಗಿ ಹೆಂಗಸರ ನಡುವೆ ನಿಂತೆ. ಗುಡ್ಡೆಗಳು ಬಿದ್ದಾಗಿತ್ತು. ದೊಡ್ಡಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದರು. ಇದೂ ಪದ್ಧತಿಯೇ: ಊರಿನ ಯಜಮಾನ ಬೆನ್ನು ತಿರುಗಿಸಿ ನಿಲ್ಲಬೇಕು, ಅತ್ತೆ ಒಂದೊಂದು ಗುಡ್ಡೆಗೂ ಕಡ್ಡಿ ಮುಟ್ಟಿಸಿ "ಇದ್ಯಾರ್ದು?" ಎನ್ನಬೇಕು, ಅವರು ನೋಡದೆ ಒಂದು ಮನೆಯ ಹೆಸರು ಕೂಗಬೇಕು. ಎಲ್ಲ ಗುಡ್ಡೆಗೂ ಹೆಸರು ಬೀಳುವವರೆಗೆ ಯಾರೂ ತಮ್ಮದನ್ನು ಎತ್ತುವಂತಿಲ್ಲ.

ಹೆಸರುಗಳು ಒಂದೊಂದಾಗಿ ಬಿದ್ದವು. ಕೊನೆಗೆ ದೊಡ್ಡಪ್ಪ, "ಬಸ್ಸಿನೋರ್ದು. ಮುಗೀತು" ಎಂದರು.

"ಮುಗೀನಿಲ್ಲ. ಇನ್ನೊಂದದೆ" ಎಂದರು ಅತ್ತೆ. "ಇದ್ಯಾರ್ದು?"

"ಎಲ್ರದೂ ಕೂಗಾಯ್ತು. ನೀನೇ ಎಚ್ಚಾಗಿ ಹಾಕಿದ್ದೀಯ."

"ಹಾಕಿದ್ದೀನಿ. ಯಾರ್ದು ಅಂತ ಯೋಳು."

ದೊಡ್ಡಪ್ಪ ಗೋಡೆಯನ್ನೇ ನೋಡುತ್ತ ನಿಂತರು. ಆ ಒಂದು ಗುಡ್ಡೆಗಾಗಿ ಎಲ್ಲರ ಗುಡ್ಡೆಯೂ ಒಂದೆರಡು ತುಂಡು ತೆಳ್ಳಗಾಗಿತ್ತು. ಅದು ಯಾರಿಗೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ತಕರಾರು ಎತ್ತಲಿಲ್ಲ, ಹೆಸರನ್ನೂ ಹೇಳಿಕೊಡಲಿಲ್ಲ. ಬಿಸಿಲೇರಿತು. ಗಂಡಸರಲ್ಲೊಬ್ಬರು, "ಬ್ಯಾಗ ಯೋಳಣ್ಣ, ಬಾಡು ಇಲ್ಲೇ ಬೇಯ್ತಾ ಅದೆ" ಎಂದರು. ದೊಡ್ಡಮ್ಮ ತಮ್ಮ ಬಾಗಿಲಿನಿಂದಲೇ ಕೂಗಿದರು: "ನಾನ್ ಅರ್ದಿಟ್ಟ ಮಸಾಲೆ ಒಣಗಿ ಓಯ್ತು. ಗೋಡೆ ಜೊತೆ ಸಂಸಾರ ಮಾಡ್ದಂಗೆ ನಿಂತವ್ನೆ ನೋಡಿ." ಹೆಂಗಸರು ಸೆರಗು ಬಾಯಿಗೆ ಹಿಡಿದರು. ನಾನು ಮಾತ್ರ ನಗಲಿಲ್ಲ.

ಅತ್ತೆ ಕಡ್ಡಿಯನ್ನು ಎತ್ತದೆ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಊರ್ಗೆ ಅಳಿಯ ಬಂದವ್ನೆ ಅಂತ ಕೇಳ್ದೆ. ಕೆ.ಆರ್. ನಗರದೋನಂತೆ. ನಾಳೆ ಅಲ್ಲೋಗಿ ಏನ್ ಯೋಳ್ತಾನೋ, ಎತ್ತೋ."

ದೊಡ್ಡಪ್ಪನ ಮುಖ ಕೆಂಪಾಗಿತ್ತೇ? ಬೆನ್ನು ಕಂಡಿತ್ತು, ಅಷ್ಟೇ. ಕೊನೆಗೆ ಆ ಬೆನ್ನು ಹೇಳಿತು: "ಅಳಿಯಂದು."

"ಯಾರಳಿಯಂದು?"

"ನಮ್ಮಳಿಯಂದು ಕಣವ್ವ. ಎತ್ಕೊಂಡ್ ಓಗಕ್ ಯೋಳು, ಸಾಕು ಬುಡು."

ನಾನು ಕೇಳಿದ್ದು ಇದು. ಅವ್ವನ ಪ್ರಕಾರ ದೊಡ್ಡಪ್ಪ "ನನ್ ತಮ್ಮಂದು" ಎಂದೇ ಅಂದರು. ತಾನು ಅಲ್ಲಿರಲೇ ಇಲ್ಲ ಎಂಬುದನ್ನು ಅವಳು ಒಪ್ಪುವುದಿಲ್ಲ. ಗುಡ್ಡೆಯನ್ನು ತರಲು ನನ್ನ ಗಂಡನೇ ಪಾತ್ರೆ ಹಿಡಿದು ಬಂದರೆಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಆ ಹೊತ್ತಿಗೆ ನಾನು ನಿದ್ದೆ ಮಾಡುತ್ತಿದ್ದೆ ಎನ್ನುತ್ತಾರೆ ಅವರು. ಹಾಗಾದರೆ ತಂದವರು ಯಾರು? ಗೊತ್ತಿಲ್ಲ. ಸಾರಿನ ಗಮ ಮನೆ ತುಂಬಿದ್ದು ಮಾತ್ರ ಎಲ್ಲರ ಕಥೆಯಲ್ಲೂ ಇದೆ.

ಮಧ್ಯಾಹ್ನ ದೊಡ್ಡಪ್ಪ ನಮ್ಮ ಮನೆಗೆ ಬಂದರು. ಅಳಿಯನನ್ನು ಮಾತಾಡಿಸಲು ಬಂದೆ ಎಂದರು. ಎಲೆ ಹಾಕಿದೆವು. ಒಂದು ಕಡೆ ಅವರು, ಒಂದು ಕಡೆ ಅಪ್ಪ, ನಡುವೆ ನನ್ನ ಗಂಡ. ಮುದ್ದೆ ಮುರಿದು ಸಾರಿಗೆ ಅದ್ದಿ ದೊಡ್ಡಪ್ಪ ಹೇಳಿದರು: "ನಿಮ್ ಮಾವಂಗೆ ಯೋಳಿ, ಉಪ್ಪು ಕಮ್ಮಿ."

ಅಪ್ಪ ತಲೆ ಎತ್ತದೆ, "ನಿಮ್ ದೊಡ್ ಮಾವಂಗೆ ಯೋಳಿ, ಉಪ್ಪು ಅವ್ರ್ ಮುಂದೇ ಅದೆ" ಎಂದರು.

ನನ್ನ ಗಂಡ ಎರಡನ್ನೂ ನಿಷ್ಠೆಯಿಂದ ದಾಟಿಸಿದರು. ಒಳಗೆ ಅವ್ವ, ನಾನು, ಪಾತ್ರೆ ತೊಳೆಯುವ ನೆಪದಲ್ಲಿ ಬಗ್ಗಿ ಬಗ್ಗಿ ನಕ್ಕೆವು. ಆಮೇಲೆ ಎಷ್ಟೋ ಹಬ್ಬಗಳಲ್ಲಿ ಆ ಇಬ್ಬರು ಹೀಗೆಯೇ ಮಾತಾಡಿದರು. ಮಳೆ, ಬೆಲೆ, ಬ್ಯಾರನ್ನಿನ ಸರದಿ ಎಲ್ಲವೂ ನನ್ನ ಗಂಡನ ಮೂಲಕವೇ. ಮರುವರ್ಷ ಅಪ್ಪ ಜಗುಲಿಯವರೆಗೆ ಹೋಗಿ ಕೆಮ್ಮಿದರಂತೆ. ಒಳಗಿನಿಂದ ದೊಡ್ಡಪ್ಪ "ಆಯ್ತು" ಎಂದರಂತೆ.

ಒಮ್ಮೆ ಅತ್ತೆಯನ್ನು ಕೇಳಿದೆ, "ಅವತ್ತು ಬೇಕಂತಲೇ ಹಾಕಿದ್ರಲ್ವಾ?"

"ನಂಗ್ಯಾವ್ ಲೆಕ್ಕ ಬತ್ತದವ್ವ? ಬೆಳಿಗ್ಗೆ ಎದ್ದು ಬೀದೀಲಿ ಬತ್ತೀನಿ. ಯಾರ್ ಮನೆ ಮುಂದೆ ರಂಗೋಲಿ ಅದೆಯೋ ಅವ್ರಿಗೊಂದ್ ಗುಡ್ಡೆ. ನಿಮ್ಮವ್ವ ಅವತ್ತು ರಂಗೋಲಿ ಬುಟ್ಟಿದ್ಲು." ಆಮೇಲೆ ಸೇರಿಸಿದರು: "ಅದೂ ಎಲ್ಲಾರ್ಗಿಂತ ದೊಡ್ದಾಗಿ."

ಇದು ನಿಜವೋ, ಹಲ್ಲಿಲ್ಲವೆಂದಂಥ ಇನ್ನೊಂದು ಉತ್ತರವೋ ನನಗೆ ತಿಳಿಯದು. ಕೊಟ್ಟ ಹೆಣ್ಣಿಗೆ ತವರು ಎನ್ನುವುದು ಮನೆಯಲ್ಲ, ಊರು. ಗಂಡನ ಮುಂದೆ ಆ ಊರು ನನಗೆ ಇಲ್ಲವಾಗಬಹುದಾಗಿದ್ದ ದಿನ ಅವರು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಇಷ್ಟನ್ನು ಮಾತ್ರ ಯಾರ ಸಾಕ್ಷಿಯೂ ಇಲ್ಲದೆ ನಂಬುತ್ತೇನೆ.

ಹೋದ ಆಷಾಢದಲ್ಲಿ ಅತ್ತೆ ತೀರಿಕೊಂಡರು. ಊಟ ಮಾಡಿ, ಕೈ ತೊಳೆದು, ಗೋಡೆಗೆ ಒರಗಿದವರು ಏಳಲಿಲ್ಲ. ಅವರ ಚಟ್ಟಕ್ಕೆ ಹೆಗಲು ಕೊಡಲು ಗಂಡಸರು ನಾ ಮುಂದು ತಾ ಮುಂದು ಎಂದರು. ಕೆರೆಯ ಏರಿಯವರೆಗೆ ಹೆಂಗಸರಾದ ನಾವೂ ಹೋದೆವು. ಮುಂದಿನ ಎರಡು ಹೆಗಲು ಅಪ್ಪನದು, ದೊಡ್ಡಪ್ಪನದು.

"ತಗ್ಗಿಸ್ಬ್ಯಾಡ ಕಣಣ್ಣ, ಒಂದ್ ಕಡೆಗೆ ವಾಲ್ತದೆ."

"ನಾನೆಲ್ಲಿ ತಗ್ಗಿಸ್ದೆ? ನೀನೇ ಎತ್ತರ ಹಿಡ್ಕೊಂಡಿದ್ದೀಯ ಕಣ್ಲಾ."

"ನಾನಲ್ಲ, ನೀನು."

ಹೀಗೆ ಜಗಳವಾಡುತ್ತಲೇ ಇಬ್ಬರೂ ಅತ್ತೆಯನ್ನು ಕೆರೆಯ ಏರಿಯವರೆಗೆ ಹೊತ್ತುಕೊಂಡು ಹೋದರು. ಮಾತು ದಾಟಿಸಲು ನನ್ನ ಗಂಡ ಆ ದಿನ ಊರಿನಲ್ಲಿರಲಿಲ್ಲ. ಅದನ್ನು ಇಬ್ಬರೂ ಗಮನಿಸಿದಂತೆ ಕಾಣಲಿಲ್ಲ.