ತಲೆ ಹಿಡಿದವರು ಯಾರು

ನಮ್ಮ ಭಾವ ಬಿದ್ದಿದ್ದು ರಸ್ತೆ ಮೇಲೋ, ಕಾಡಿನ ಒಳಗೋ. ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲಿ ಇದೊಂದೇ ಮಾತು. ರಸ್ತೆ ಮೇಲೆ ಅಂದರೆ ಕೆಲಸ ಮಾಡುತ್ತಾ ಬಿದ್ದ ಅಂತ, ಪೋಸ್ಟಾಫೀಸಿನವರು ಪರಿಹಾರ ಕೊಡುತ್ತಾರೆ. ಕಾಡಿನ ಒಳಗೆ ಅಂದರೆ ತನ್ನ ಪಾಡಿಗೆ ಎಲ್ಲೋ ಹೋಗಿ ಬಿದ್ದ ಅಂತ, ಏನೂ ಇಲ್ಲ. ಎರಡಕ್ಕೂ ನಡುವೆ ಇದ್ದ ದೂರ, ಕಲ್ಲು ಎಸೆದರೆ ಹೋಗಿ ಬೀಳುವಷ್ಟು.

ಭಾವ ಅಂದರೆ ನನ್ನ ಅಕ್ಕನ ಗಂಡ. ಟಪಾಲು ಚೀಲ ಹೊರುವ ಕೆಲಸ. ಹಳ್ಳಿ ಪೋಸ್ಟಿಗೆ ಇಟ್ಟುಕೊಂಡಿರುವ ಅರೆಹೊತ್ತಿನ ಕೆಲಸದವನು, ದೊಡ್ಡ ಸಂಬಳದವನಲ್ಲ. ಬೆಳಿಗ್ಗೆ ನಮ್ಮೂರಿನ ಚೀಲ ಹೊತ್ತು ಕಾಡಿನ ದಾರಿಯಲ್ಲಿ ನಡೆದು ಮೇನ್ ರೋಡಿಗೆ ಹೋಗಬೇಕು. ಅಲ್ಲಿ ತಾಳವಾಡಿ ಬಸ್ಸಿಗೆ ಆ ಚೀಲ ಕೊಟ್ಟು, ಅದರಲ್ಲಿ ಬಂದ ಚೀಲ ಇಳಿಸಿಕೊಂಡು ವಾಪಸ್ ಬರಬೇಕು. ಮೊಪೆಡ್ ಇತ್ತು, ಆದರೂ ನಡೆದೇ ಹೋಗುತ್ತಿದ್ದ. ಗಾಡಿ ಸದ್ದಿನಲ್ಲಿ ಆನೆ ಬಂದದ್ದು ಕಿವಿಗೆ ಬೀಳಲ್ಲ ಅನ್ನುತ್ತಿದ್ದ. ನಡೆದು ಹೋದರೂ ಕಿವಿಗೆ ಬೀಳಲಿಲ್ಲ, ಅದು ಬೇರೆ ಮಾತು.

ಆ ದಾರಿಯಲ್ಲಿ ಅರ್ಧಕ್ಕೆ ಒಂದು ಸೊಪ್ಪಿನ ಗುಡ್ಡೆ ಇದೆ. ಹೋಗುವವರು ಬರುವವರು ಒಂದು ಹಸಿರು ಕೊಂಬೆ ಮುರಿದು ಅದರ ಮೇಲೆ ಎಸೆದು ಮುಂದಕ್ಕೆ ಹೋಗುತ್ತಾರೆ. ಅಲ್ಲಿಂದ ಒಳಕ್ಕೆ, ದೊಡ್ಡ ಬಸರಿ ಮರದ ಬುಡದಲ್ಲಿ ಮೂರು ಕಲ್ಲು. ಅದೇ ನಮ್ಮ ಸೊಪ್ಪಮ್ಮ. ಆ ಮರದ ಹತ್ತಿರಕ್ಕೆ ಸುಮ್ಮನೆ ಯಾರೂ ಹೋಗಲ್ಲ. ಆನೆ ಬಡಿದವರನ್ನು ಹೊತ್ತುಕೊಂಡು ಮಾತ್ರ ಹೋಗುತ್ತಾರೆ.

ಅದು ನಮ್ಮ ಕಡೆಯ ಪದ್ಧತಿ. ಆನೆ ಬಡಿದವನನ್ನು ಬಿದ್ದ ಜಾಗದಲ್ಲಿ ಬಿಡಬಾರದು. ಮೊದಲು ಎತ್ತಿ ಅಮ್ಮನ ಮುಂದೆ ಮಲಗಿಸಬೇಕು, ಆಮೇಲೆ ಆಸ್ಪತ್ರೆ. ಎತ್ತಿದವರು ಬೇರೆಯವರ ಕೈಲಿ ನೀರು ಹುಯ್ಯಿಸಿಕೊಂಡು ಕೈ ತೊಳೆದೇ ಹೊಸಿಲು ದಾಟಬೇಕು. ನಾನು ಎತ್ತಿದೆ ಅಂತ ಬಾಯಿ ಬಿಡಬಾರದು. ಬಿದ್ದವನು ತನ್ನ ಕಾಲಲ್ಲೇ ನಡೆದು ಬಂದು ಅಮ್ಮನಿಗೆ ಸೊಪ್ಪು ಹಾಕುವ ತನಕ ಬಾಯಿ ಬಿಡಬಾರದು. ಬಿಟ್ಟರೆ ಎತ್ತಿದ್ದು ಲೆಕ್ಕಕ್ಕಿಲ್ಲ, ಅವನು ಬಿದ್ದ ಜಾಗಕ್ಕೇ ವಾಪಸ್ ಹೋಗುತ್ತಾನೆ.

ನಾನು ಇದನ್ನೆಲ್ಲ ನಂಬಿದವನಲ್ಲ. ಓದಿದ್ದು ಕಡಿಮೆ, ಆದರೆ ಕಣ್ಣಿಗೆ ಕಂಡದ್ದನ್ನು ಮಾತ್ರ ಕಂಡೆ ಅನ್ನುವವನು ನಾನು.

ಭಾವನಿಗೆ ಆನೆ ಬಡಿದ ದಿನ ನಾನು ತಾಳವಾಡಿಯಲ್ಲಿದ್ದೆ, ಲಾರಿಗೆ ಕೋಸಿನ ಮೂಟೆ ಏರಿಸುತ್ತಿದ್ದೆ. ಫೋನ್ ಬಂತು. ಚಾಮರಾಜನಗರದ ಆಸ್ಪತ್ರೆಗೆ ಓಡಿದೆ. ಸೊಂಟ ಮುರಿದಿತ್ತು, ಎಡಗಾಲು ತೊಡೆಯ ಹತ್ತಿರ ಮುರಿದಿತ್ತು. ಅಕ್ಕ ವರಾಂಡದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.

"ಕೈ ತೊಳ್ಕಂಡ್ಯಾ?" ಅಂದಳು.

ಮೂಟೆ ಹೊತ್ತು ಬಂದಿದ್ದೇನೆ, ಕೈ ಕೊಳೆಯಾಗಿದೆ ಅಂತ ಹೇಳುತ್ತಿದ್ದಾಳೆ ಅಂದುಕೊಂಡೆ. "ಈಗ ತಾನೆ ತಾಳವಾಡಿಯಿಂದ ಬತ್ತಿವ್ನಿ ಕಣಕ್ಕ" ಅಂದೆ. ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡಳು.

ಆಂಬುಲೆನ್ಸಿನವರು ಭಾವನನ್ನು ಎತ್ತಿಕೊಂಡಿದ್ದು ಬಸರಿ ಮರದ ಬುಡದಿಂದ. ಅವರು ಹಾಗೇ ಬರೆದುಕೊಂಡಿದ್ದರು. ಊರವರನ್ನು ಕೇಳಿದರೂ ಅದನ್ನೇ ಹೇಳಿದರು. "ನಾವು ಓದಾಗ ಅಲ್ಲೇ ಮಲಗಿದ್ದ ಕಣ್ಲಾ. ತಲೆ ಅಡೀಲಿ ಟಪಾಲ್ ಚೀಲನ ದಿಂಬಂಗೆ ಮಡಿಕಂಡು ಮಲಗಿದ್ದ." ಎಲ್ಲರದೂ ಅದೇ ಮಾತು. ಎತ್ತಿದವರು ಯಾರು ಅಂದರೆ ನೆಲ ನೋಡುತ್ತಿದ್ದರು.

ಭಾವ ಮನೆಗೆ ಬಂದ ಮೇಲೆ ಕೇಳಿದೆ.

"ರಸ್ತೆಲೇ ಬಿದ್ದಿದ್ದು ಕಣ್ಲಾ ಬಾಮೈದ. ಮಂಜು ಕವ್ಕಂಡಿತ್ತು. ಬೆನ್ನಿಂದೆ ಉಸುರು ಬುಟ್ಟಂಗಾಯ್ತು, ತಿರುಗೋದ್ರೊಳಗೆ ಮ್ಯಾಕೋಗಿ ಕೆಳಕ್ಕೆ ಬಿದ್ದೆ. ಆಮೇಲೆ ಯಾರೋ ಎತ್ತುದ್ರು."

"ಯಾರು?"

"ಕಣ್ಣೇ ಬುಡಕಾಯ್ತಿರ್ನಿಲ್ಲ. ತಲೆ ಇಡ್ಕಂಡೋರ ಕೈ ಒಂದು ಗ್ಯಾನ ಅದೆ. ತಣ್ಣಗಿತ್ತು. ಬಾವಿ ಒಳಗಿನ ಕಲ್ಲಂಗೆ."

"ಮಳೆಗಾಲದ ಬೆಳಿಗ್ಗೆ ಯಾರ ಕೈ ಬಿಸಿ ಇರ್ತದೆ ಬಾವ?"

"ನಿನ್ನ ತಲೆ. ಓಗು, ಬಸ್ಸು ಬುಟ್ಟೋದದು."

ಬಸ್ಸು ಅಂದಿದ್ದು ಯಾಕೆ ಅಂದರೆ, ಚೀಲ ಹೊರುವವನು ಮಲಗಿದರೆ ಬದಲಿ ಆಳನ್ನು ಅವನೇ ಕೊಡಬೇಕು. ನಾನೇ ಹೋಗುತ್ತಿದ್ದೆ. ಅದೇ ದಾರಿ, ಅದೇ ಹೊತ್ತು.

ಆ ದಾರಿಯ ವಿಷಯ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬೆಳಿಗ್ಗೆ ಊರಿನಿಂದ ಮೊದಲು ಹೊರಡುವವನು ನಾನು. ಮೇನ್ ರೋಡಿನ ಕಡೆಯಿಂದ ಅಷ್ಟು ಹೊತ್ತಿಗೆ ಯಾರೂ ಬರಲ್ಲ. ಆದರೂ ನಾನು ಹೋಗುವಾಗ ಸೊಪ್ಪಿನ ಗುಡ್ಡೆಯ ಮೇಲೆ ಒಂದು ಕೊಂಬೆ ಆಗಲೇ ಬಿದ್ದಿರುತ್ತಿತ್ತು. ಮುರಿದ ಕಡೆ ಹಾಲು ಇನ್ನೂ ತೊಟ್ಟಿಕ್ಕುತ್ತಿರುತ್ತಿತ್ತು. ಒಂದು ದಿನ ಬೇಗ ಹೊರಟೆ, ಆವತ್ತೂ ಇತ್ತು. ಇನ್ನೊಂದು ದಿನ ಅಲ್ಲೇ ನಿಂತು ಸುತ್ತಲೂ ನೋಡಿ ಕೂಗಿದೆ. "ಯಾರ್ಲಾ ಅದು?" ಹಕ್ಕಿ ಕೂಗುತ್ತಿದ್ದದ್ದು ನಿಂತಿತು, ಅಷ್ಟೇ. ನನಗೆ ಕೋಪ ಬಂತು. ಭಯ ಅಂತ ಬೇಕಾದರೆ ಓದಿದವರು ಅನ್ನಲಿ. ಆ ದಿನದಿಂದ ನಾನೂ ಒಂದು ಕೊಂಬೆ ಎಸೆಯುತ್ತಿದ್ದೆ.

ವಿಚಾರಣೆಗೆ ಪೋಸ್ಟಾಫೀಸಿನ ಇನ್ಸ್‌ಪೆಕ್ಟರ್ ಬಂದರು. ಸತ್ಯಮಂಗಲದ ಕಡೆಯವರು, ತಮಿಳು. ನಮ್ಮೂರು ತಮಿಳುನಾಡಿಗೆ ಸೇರಿದ್ದು, ನಮಗೆಲ್ಲ ತಮಿಳು ಬರುತ್ತದೆ, ತೊಂದರೆಯಿಲ್ಲ. ಒಳ್ಳೆಯ ಮನುಷ್ಯ. ಜಗುಲಿ ಮೇಲೆ ಭಾವನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಅಕ್ಕ ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪಕ್ಕದ ಮನೆ ಅಜ್ಜಿ ಜಗುಲಿ ಕೆಳಗೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದಳು. ಅಕ್ಕನೂ ಆ ಅಜ್ಜಿಯೂ ದಿನಾ ಜೊತೆಯಲ್ಲಿ ಕೋಸಿನ ಹೊಲಕ್ಕೆ ಕೂಲಿಗೆ ಹೋಗುವವರು. ಭಾವ ಚೀಲ ಹೊತ್ತು ಹೊರಟ ಮೇಲೆ ಇವರು ಹೊರಡುತ್ತಿದ್ದರು, ಅದೇ ದಾರಿಯಲ್ಲಿ.

ಇನ್ಸ್‌ಪೆಕ್ಟರ್ ನೇರವಾಗಿ ಹೇಳಿದರು. "ನೋಡಪ್ಪ, ಚೀಲದ ದಾರಿಯಲ್ಲಿ ಬಿದ್ದಿದ್ದರೆ ನಾನು ಬರೆದು ಕಳಿಸುತ್ತೇನೆ, ಆಗುತ್ತದೆ. ಆದರೆ ನೀನು ಸಿಕ್ಕಿದ್ದು ಮರದ ಕೆಳಗೆ. ಅಲ್ಲಿ ನಿನಗೇನು ಕೆಲಸ?"

"ಅಲ್ಲಿಗೆ ನಾನೋಗ್ನಿಲ್ಲ ಸಾ. ಯಾರೋ ಎತ್ಕಂಡೋದ್ರು."

"ಯಾರು ಅಂತ ಹೇಳು. ಅವರು ಬಂದು ಹೇಳಲಿ. ಅಷ್ಟು ಸಾಕು."

ಭಾವ ನಕ್ಕ. "ನಮ್ಮೂರಲ್ಲಿ ಯಾರ್ನ ಕೇಳುದ್ರೂ ನಾನೇ ಎದ್ದೋಗಿ ಮಲಗ್ದೆ ಅಂತಾರೆ ಸಾ. ಮುರುದೋಗಿರೊ ಕಾಲಲ್ಲಿ. ಒಳ್ಳೆ ಗಟ್ಟಿಗ ನಾನು."

ಇನ್ಸ್‌ಪೆಕ್ಟರ್ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. ಹಾಗಾದರೆ ನಾನು ಏನೂ ಮಾಡಕ್ಕಾಗಲ್ಲ ಅಂದರು.

ಅಕ್ಕ ಟೀ ತಟ್ಟೆಯನ್ನು ಟಪ್ಪನೆ ನೆಲಕ್ಕಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ತಿರುಗಿ ನೋಡಿದೆ. ಭಾವನೂ ನೋಡಿದ. ಅವಳ ಮುಖ ಬಹಳ ಹೊತ್ತು ನೋಡಿದ. ಅವನಿಗೆ ಆಗ ಗೊತ್ತಾಯಿತು, ನನಗೂ ಆಗಲೇ ಗೊತ್ತಾಯಿತು. ಅಷ್ಟು ದಿನ ಅವನ ಗಾಯ ಒರೆಸಿ, ಗಂಜಿ ಕುಡಿಸಿ, ಮಗ್ಗುಲು ತಿರುಗಿಸಿದವಳು ಅವನಿಗೂ ಒಂದು ಮಾತು ಹೇಳಿರಲಿಲ್ಲ.

"ನೀನಾ?" ಅಂದ ಭಾವ.

ಅಕ್ಕ ತಲೆ ಅಲ್ಲಾಡಿಸಿದಳು. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಕೆಳಗಿನಿಂದ ಅಜ್ಜಿ ಕೂಗಿದಳು. "ಬಾಯ್ಬುಟ್ಟೀಯೆ ಮೂದೇವಿ! ಗಂಡನ್ನ ಮತ್ತೆ ಅಲ್ಲಿಗೇ ಕಳಿಸೀಯೆ!"

ಭಾವ ಅಜ್ಜಿಯ ಕಡೆ ತಿರುಗಲಿಲ್ಲ. ಅಕ್ಕನಿಗೆ ಹೇಳಿದ. "ಕಾಲು ಎಂಗೂ ಓಗದೆ. ನಾಳಿಕ್ಕೆ ಮನೆ ನಡೀಬೇಕಲ್ಲ. ಏಳ್ಬುಡು."

"ನೀವು ಅಲ್ಲಿಗೇ ಓಗ್ಬುಟ್ರೆ?"

"ಓದ್ರೆ ನೀನೇ ಬಂದು ಮತ್ತೆ ಎತ್ಕಂಡು ಬಾ. ಅಬ್ಯಾಸ ಆಗದಲ್ಲ."

ಅಕ್ಕ ಅಳುತ್ತಾ ಹೇಳಿದಳು. ಆವತ್ತು ಅವಳೂ ಅಜ್ಜಿಯೂ ಹಿಂದೆ ಬರುತ್ತಿದ್ದರು. ಮರ ಮುರಿದ ಹಾಗೆ ಸದ್ದಾಯಿತು. ನಿಂತರು. ಆಮೇಲೆ ಎಲ್ಲ ನಿಶ್ಶಬ್ದ. ಹೋಗಿ ನೋಡಿದರೆ ಸೊಪ್ಪಿನ ಗುಡ್ಡೆ ಹತ್ತಿರ ರಸ್ತೆ ಮಧ್ಯೆ ಭಾವ ಬಿದ್ದಿದ್ದ. ಎತ್ತಿದರು, ಒಳಗೆ ಒಯ್ದು ಅಮ್ಮನ ಮುಂದೆ ಮಲಗಿಸಿದರು, ಊರಿಗೆ ಓಡಿದರು.

ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. "ಇಬ್ಬರೇ ಎತ್ತಿದಿರಾ? ಅಷ್ಟು ದೂರ?"

ಅಜ್ಜಿ ಎಲೆ ಉಗುಳಿ ಬಂದಳು. ಅಕ್ಕ ಬಾಯಿ ಬಿಟ್ಟ ಮೇಲೆ ಇನ್ನೇನು ಅಂತ ಅವಳೂ ಜಗುಲಿ ಹತ್ತಿದಳು.

"ಇಬ್ರೆಲ್ಲಿ ಸಾ. ನಾನು ಕಾಲು ಇಡ್ಕಂಡೆ. ಇವ್ಳು ಸೊಂಟ ಇಡ್ಕಂಡ್ಳು. ತಲೆ ಇವ ಇಡ್ಕಂಡಿದ್ದ" ಅಂತ ನನ್ನ ಕಡೆ ಗದ್ದ ಎತ್ತಿದಳು.

"ಅಜ್ಜಿ, ನಾನಿರ್ನಿಲ್ಲ."

"ಸುಮ್ಕಿರ್ಲಾ. ಮಂಜಲ್ಲಿ ಮಕ ಕಾಣ್ನಿಲ್ಲ, ಮೊಳಕೈಗಂಟ ಕೈ ಕಾಣ್ತಿತ್ತು. ಗಂಡಾಳ್ ಕೈ. ನಾವು ಎತ್ತೋಕೆ ಮೊದ್ಲೇ ತಲೆ ಎತ್ಕಂಡಿದ್ದೆ."

"ತಾಳವಾಡಿಲಿದ್ದೆ ಅಜ್ಜಿ. ಲಾರಿ ಡ್ರೈವರ್ನ ಕೇಳು."

ಅಜ್ಜಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ಅಕ್ಕ ನನ್ನ ಕಡೆ ನೋಡಲಿಲ್ಲ. ಅವಳಿಗೆ ಆಸ್ಪತ್ರೆಯಲ್ಲೇ ಗೊತ್ತಾಗಿತ್ತು, ಆ ಕೈ ನನ್ನದಲ್ಲ ಅಂತ.

"ಯಾರ್ ತೂಕ್ಕಿನಾಂಗ?" ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದರು, ಯಾರು ಎತ್ತಿದ್ದು ಅಂತ. ಯಾರನ್ನು ಕೇಳಿದರೋ. "ಚೀಲವನ್ನು ಇವನ ತಲೆಯ ಅಡಿಗೆ ಇಟ್ಟವರು ಯಾರು?" ಅಂದರು. ಅಕ್ಕ ನಾನಲ್ಲ ಅಂದಳು. ಅಜ್ಜಿ ನಾನಲ್ಲ ಅಂದಳು.

ಅವರು ಒಂದು ನಿಮಿಷ ನನ್ನನ್ನೇ ನೋಡಿದರು. ಮೂರನೆಯವನು ನಾನೇ ಅಂತ ಹೇಳಿದ್ದರೆ ಅವರಿಗೆ ಬರೆಯುವುದು ಸಲೀಸಾಗುತ್ತಿತ್ತು. ನಾನು ಇಲ್ಲ ಅಂತ ತಲೆ ಆಡಿಸಿದೆ. ಅವರು ಇಬ್ಬರ ಹೆಸರು ಬರೆದರು, ಹೆಬ್ಬೆಟ್ಟು ಹಾಕಿಸಿಕೊಂಡರು. ಜಾಗ ತೋರಿಸು ಅಂದರು.

ಕರೆದುಕೊಂಡು ಹೋದೆ. ಮಧ್ಯಾಹ್ನದ ಬಿಸಿಲು. ರಸ್ತೆ ನೋಡಿದರು, ಮರ ನೋಡಿದರು. ಒಳಗೆ ಕಾಲಿಡಲಿಲ್ಲ. ವಾಪಸ್ ಹೊರಡುವಾಗ ಪಕ್ಕದ ಗಿಡದಿಂದ ಒಂದು ಕೊಂಬೆ ಮುರಿದು ಗುಡ್ಡೆ ಮೇಲೆ ಹಾಕಿದರು. ಹಾಕಿ ಅಂತ ನಾನು ಹೇಳಿರಲಿಲ್ಲ.

ಪರಿಹಾರ ಮಂಜೂರಾದ ಕಾಗದ ನಾನೇ ಹೊತ್ತು ತಂದ ಚೀಲದಲ್ಲಿ ಬಂತು. ಕೆಲಸದ ಮೇಲೆ ಬಿದ್ದವನು ಅಂತ ಅದರಲ್ಲಿತ್ತು. ಭಾವ ಓದಿಸಿಕೊಂಡು ಕೇಳಿ, ದಿಂಬಿನ ಕೆಳಗೆ ಇಟ್ಟುಕೊಂಡ. ಅಕ್ಕ ಸಂತೋಷಪಡಲಿಲ್ಲ. ಆ ದಿನದಿಂದ ಮಂಚದ ಕಾಲಿಗೆ ತನ್ನ ಸೆರಗು ಕಟ್ಟಿಕೊಂಡು ನೆಲದ ಮೇಲೆ ಮಲಗತೊಡಗಿದಳು.

"ದನ ಕಟ್ದಂಗೆ ಕಟ್ಟವ್ಳೆ ನೋಡ್ಲಾ ನಿಮ್ಮಕ್ಕ" ಅಂತ ಭಾವ ನಗುತ್ತಿದ್ದ. ಆಗ ಅವನಿಗೆ ಎದ್ದು ಕೂರಲೂ ಇಬ್ಬರು ಬೇಕಾಗಿತ್ತು.

ಆಮೇಲೆ ಒಂದು ಬೆಳಿಗ್ಗೆ ನಾನು ಪೋಸ್ಟಿನಿಂದ ಚೀಲ ಎತ್ತಿಕೊಂಡು ನೇರ ಹೊರಟೆ, ಮನೆ ಕಡೆ ಹೋಗಲಿಲ್ಲ. ಮಂಜು ಬಹಳ ಇತ್ತು. ಸೊಪ್ಪಿನ ಗುಡ್ಡೆ ಹತ್ತಿರ ಬಂದಾಗ ರಸ್ತೆ ಮಧ್ಯೆ ಏನೋ ಕಪ್ಪಗೆ ಕಂಡಿತು. ಆನೆಮರಿ ಅಂದುಕೊಂಡು ನಿಂತೆ. ಅದು ಮಾತಾಡಿತು.

"ಬಂದ್ಯೇನ್ಲಾ ಬಾಮೈದ."

ಭಾವ. ಬಿದ್ದಿದ್ದ ಜಾಗದಲ್ಲೇ, ಕಾಲು ಚಾಚಿ ಕೂತಿದ್ದ. ಮೈಮೇಲೆ ಮನೆಯ ಕಂಬಳಿ. ಪಾದದಲ್ಲಿ ಮಣ್ಣಿರಲಿಲ್ಲ. ನಾನು ನೋಡಿದೆ, ಅದಕ್ಕೇ ಹೇಳುತ್ತಿದ್ದೇನೆ. ಅಂಗಾಲು ಒಣಗಿತ್ತು.

"ಎಂಗ್ ಬಂದೆ ಬಾವ?"

"ಗೊತ್ತಿಲ್ಲ ಕಣ್ಲಾ. ತಲೆ ಇಡ್ಕಂಡಂಗಾಯ್ತು. ಅದೇ ಕೈ." ಆಮೇಲೆ ನಗಲು ನೋಡಿದ. "ಇನ್ಸ್‌ಪೆಕ್ಟ್ರಿಗೆ ಏಳು, ಈಗ ರಸ್ತೆಲೇ ಇವ್ನಿ, ಬಂದು ನೋಡ್ಕಳ್ಳಲಿ ಅಂತ." ಅವನ ಹಲ್ಲು ಕಟಕಟ ಅನ್ನುತ್ತಿತ್ತು.

ನಾನು ಅವನನ್ನು ಮರದ ಹತ್ತಿರ ಒಯ್ಯಲಿಲ್ಲ. ಸಾಕು ಅನ್ನಿಸಿತು. ಚೀಲ ಕೊರಳಿಗೆ ಹಾಕಿಕೊಂಡು, ಅವನನ್ನು ಬೆನ್ನ ಮೇಲೆ ಹೊತ್ತು ಊರ ಕಡೆ ತಿರುಗಿದೆ. ನಾನು ಮೂಟೆ ಹೊರುವವನು, ತೂಕ ನನಗೆ ಗೊತ್ತು. ಭಾವ ದಪ್ಪ ಆಳು. ಅವನ ಅರ್ಧ ಭಾರವೂ ನನ್ನ ಬೆನ್ನ ಮೇಲೆ ಇರಲಿಲ್ಲ. ಹಿಂದಿನಿಂದ ಯಾರೋ ಎತ್ತಿ ಹಿಡಿದ ಹಾಗೆ. ನಾನು ತಿರುಗಿ ನೋಡಲಿಲ್ಲ.

ಮನೆ ಮುಂದೆ ಅಕ್ಕ ನಿಂತಿದ್ದಳು. ಸೆರಗು ಅರ್ಧಕ್ಕೆ ಹರಿದಿತ್ತು. ಅಳಲಿಲ್ಲ, ಎಲ್ಲಿ ಸಿಕ್ಕಿದ ಅಂತಲೂ ಕೇಳಲಿಲ್ಲ. ಭಾವನನ್ನು ಜಗುಲಿ ಮೇಲೆ ಇಳಿಸಿದೆ. ಅವಳು ಚೊಂಬಿನಲ್ಲಿ ನೀರು ತಂದು ನನ್ನನ್ನು ಹೊಸಿಲ ಹೊರಗೇ ನಿಲ್ಲಿಸಿದಳು.

"ಕೈ ಒಡ್ಡು" ಅಂದಳು.

ಒಡ್ಡಿದೆ. ಹುಯ್ದಳು, ತೊಳೆದುಕೊಂಡೆ. ಪಂಚೆಗೆ ಕೈ ಒರೆಸಿಕೊಂಡು ಒಳಗೆ ಹೋಗಲು ತಿರುಗಿದೆ. ಅಕ್ಕ ಚೊಂಬು ಇಳಿಸಿರಲಿಲ್ಲ. ನನ್ನ ಪಕ್ಕದಲ್ಲಿ ಖಾಲಿ ಇದ್ದ ಜಾಗಕ್ಕೆ, ಒಬ್ಬ ಆಳು ಕೈ ಒಡ್ಡುವಷ್ಟು ಎತ್ತರಕ್ಕೆ ಚೊಂಬು ಬಗ್ಗಿಸಿ, ನೀರು ಮುಗಿಯುವ ತನಕ ನಿಧಾನವಾಗಿ ಹುಯ್ಯುತ್ತಿದ್ದಳು.