ವಾಸನೆ ಹಿಡಿದ ಹಸಿರು ಸೀರೆ

ರಬಕವಿಯ ಅನಸವ್ವ ಮಗ್ಗಕ್ಕೆ ಕೂರುವ ಮುಂಚೆ ಕುಣಿಯೊಳಗೆ ಕೋಲು ಆಡಿಸುತ್ತಾಳೆ. ಕುಣಿಮಗ್ಗದಲ್ಲಿ ನೇಯುವವರು ನೆಲದ ಮಟ್ಟಕ್ಕೆ ಕೂತು, ಮುಂದಿನ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯಬೇಕು. ಆ ಗುಂಡಿ ತಂಪು, ಕತ್ತಲೆ. ಅಂಥ ಜಾಗ ಬೇರೆ ಜೀವಗಳಿಗೂ ಬೇಕಾಗುತ್ತದೆ. ಮದುವೆಯಾಗಿ ಬನಹಟ್ಟಿಯಿಂದ ಬಂದ ಮೊದಲ ಮಳೆಗಾಲದಲ್ಲಿ ಅವಳು ಬರಿಗಾಲಿನಿಂದ ಒತ್ತಿದ್ದು ಹಲಗೆಯನ್ನಲ್ಲ, ಕಪ್ಪೆಯನ್ನು. ಅದು ಕಾಲಡಿ ಮೆತ್ತಗೆ ಒಡೆದದ್ದನ್ನು ಹೇಳುವಾಗ, ಇಷ್ಟು ವರ್ಷಗಳ ಮೇಲೂ, ಬಲಗಾಲನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಾಳೆ.

ನೇಕಾರರ ಮನೆಯೆಂದರೆ ಇಂಥದ್ದು ಇದ್ದದ್ದೇ ಎಂದು ಓಣಿಯವರು ಬಿಟ್ಟುಬಿಡುತ್ತಾರೆ. ಅನಸವ್ವನಿಗೆ ಅದು ಆಗಲಿಲ್ಲ. ನೂಲಿಗೆ ಬಳಿಯುವ ಗಂಜಿಯ ಪಾತೇಲಿಯಲ್ಲಿ ಹಲ್ಲಿ ತೇಲಿದರೆ ಗಂಜಿ ಅಷ್ಟೇ ಅಲ್ಲ, ಪಾತೇಲಿಯೂ ಹೊರಗೆ ಹೋಗುತ್ತಿತ್ತು. ಹಿತ್ತಲ ನುಗ್ಗೆಮರದಿಂದ ಕಂಬಳಿಹುಳ ಉದುರಿ ಒಣಹಾಕಿದ ನೂಲಿನ ಮೇಲೆ ಬಿದ್ದ ವರ್ಷ ಅವಳು ಮರವನ್ನೇ ಕಡಿಸಿದಳು. ಹೊಳೆ ಏರಿ ಕುಣಿ ತುಂಬಿದ ವರ್ಷ, ನೀರು ಇಳಿದ ಮೇಲೆ ಒಳಗೆ ಉಳಿದದ್ದನ್ನು ಅವಳು ಯಾರಿಗೂ ವಿವರಿಸುವುದಿಲ್ಲ. "ಥೂ" ಎಂದು ಮುಗಿಸುತ್ತಾಳೆ. ಹೇಸಿಗೆ ಮುಟ್ಟಿದ್ದು ಮನೆಯಲ್ಲಿ ಇರಬಾರದು. ಅವಳ ಬದುಕಿನ ಲೆಕ್ಕ ಇಷ್ಟೇ. ಗಂಡ ವಿಠೋಬಾ ಇದನ್ನು ಅವಳ ಕಾಯಿಲೆ ಎನ್ನುತ್ತಾನೆ.

ಕಳೆದ ದೀಪಾವಳಿ ಮುಗಿದ ಮೇಲೆ ಆ ಮಗ್ಗದ ಮೇಲೆ ಒಂದು ಹಸಿರು ಸೀರೆ ಏರಿತು. ಸೊಸೆ ಸ್ನೇಹಾಗೆ ಏಳನೇ ತಿಂಗಳು. ಕುಬಸಕ್ಕೆ ಚಿಮ್ಮಡದಿಂದ ಅವಳ ತವರಿನವರು ಬರುವವರಿದ್ದರು; ಬಸುರಿಗೆ ಹಸಿರು ಸೀರೆ ಉಡಿಸಿ, ಆರತಿ ಎತ್ತಿ, ಉಡಿ ತುಂಬಬೇಕು. ಅನಸವ್ವ ನೇಯ್ದ ಸೀರೆಗಳು ಇಲ್ಲಿಯತನಕ ಮಗ್ಗದಿಂದ ಇಳಿದ ಕೂಡಲೇ ವ್ಯಾಪಾರಿ ಅಮೋಲನ ಅಂಗಡಿಗೆ ಹೋಗಿದ್ದವು. ತನ್ನ ಮದುವೆಗೂ ಅವಳು ಉಟ್ಟದ್ದು ಬೇರೆ ಯಾರೋ ನೇಯ್ದದ್ದು. ಈ ಒಂದು ಮಾತ್ರ ಮನೆಯವರಿಗಾಗಿ, ತನ್ನ ಕೈಯಿಂದಲೇ ಆಗಬೇಕು ಎಂದು ಅವಳು ಓಣಿಗೆಲ್ಲ ಹೇಳಿಬಿಟ್ಟಿದ್ದಳು.

ಹಾಸು, ಅಂದರೆ ಉದ್ದನೆಯ ಎಳೆಗಳನ್ನು, ವಿಠೋಬಾ ಸಿದ್ಧಮಾಡಿದ. ಬೆಳಿಗ್ಗೆ ಓಣಿಯುದ್ದಕ್ಕೂ ಎಳೆ ಬಿಗಿದು, ಕುಂಚದಿಂದ ಗಂಜಿ ಬಳಿದು, ಬಿಸಿಲಿಗೆ ಒಣಗಿಸಿದ. ಮನೆಯ ಸೀರೆ ಎಂದು ಗಂಜಿ ತುಸು ಹೆಚ್ಚೇ ಆಯಿತು. ನೇಯುವಾಗ ಹಾಸೆಲ್ಲ ಒಮ್ಮೆಲೇ ಬೇಕಾಗುವುದಿಲ್ಲ. ಮಿಕ್ಕದ್ದನ್ನು ಗಂಟು ಕಟ್ಟಿ, ಧೂಳು ಕೂರದಂತೆ ಹಳೆ ಅರಿವೆ ಸುತ್ತಿ, ಮಗ್ಗದ ಆಚೆ ತುದಿಯಲ್ಲಿ ಜಂತಿಗೆ ಹಗ್ಗದಿಂದ ತೂಗುಬಿಡುತ್ತಾರೆ. ನೇಯ್ದಂತೆ ಹಗ್ಗ ಸಡಿಲಿಸಿದರೆ ಗಂಟು ಬಿಚ್ಚಿಕೊಳ್ಳುತ್ತ ಮುಂದೆ ಬರುತ್ತದೆ.

ಗಂಜಿಯ ಎಳೆ ಇಲಿಗಳಿಗೆ ಊಟವಿದ್ದಂತೆ. ಅದಕ್ಕೇ ನೇಕಾರರ ಮನೆಯಲ್ಲಿ ಇಲಿಗೆ ಬೋನು ಇಡುತ್ತಾರೆ, ಮಗ್ಗ ಇರುವ ಕೋಣೆಯಲ್ಲಿ ವಿಷ ಇಡುವುದಿಲ್ಲ. ಬೋನಿಗೆ ಬಿದ್ದ ಇಲಿಯನ್ನು ದಿನಾ ಹೊಳೆಯ ತನಕ ಒಯ್ದು ಬಿಡುವ ಕೆಲಸ ವಿಠೋಬಾನದು. ಅವನಿಗೆ ಅದು ಬೇಸರವಾಗಿತ್ತು. ಪೇಟೆಯಿಂದ ಪಾಷಾಣ ತಂದ. ಪಾತೇಲಿಯ ತಳದಲ್ಲಿ ಉಳಿದ ಗಂಜಿಯಲ್ಲೇ ಅದನ್ನು ಕಲಸಿ, ಉಂಡೆ ಮಾಡಿ, ಕುಣಿಯ ಮೂಲೆಗೆ ಇಟ್ಟ.

"ಗಂಜಿ ರುಚಿ ಹತ್ತಿದ ಇಲಿ ಗಂಜೀನ ತಿಂತಾವ. ಸಂಜಿ ಅನ್ನೂದ್ರಾಗ ಕೆಲಸ ಆತು ನೋಡ," ಎಂದ ಹೆಂಡತಿಗೆ.

"ತಿಂದು ಎಲ್ಲಿ ಸಾಯಬೇಕು ಅಂತ ಹೇಳಿ ಕಳಿಸೀರೇನು?" ಎಂದಳು ಅನಸವ್ವ. ಉಂಡೆಯನ್ನು ಎತ್ತಿ ಒಗೆಯಲು ಕುಣಿಗೆ ಬಾಗಿದಾಗ ಅದು ಅಲ್ಲಿರಲಿಲ್ಲ.

ವಾಸನೆ ಮೊದಲು ಬಂದದ್ದು ಸ್ನೇಹಾಗೆ. ಅವಳಿಗೆ ಆ ದಿನಗಳಲ್ಲಿ ಒಗ್ಗರಣೆಯ ವಾಸನೆಯೂ ಆಗುತ್ತಿರಲಿಲ್ಲವಾದ್ದರಿಂದ ಯಾರೂ ಕಿವಿಗೊಡಲಿಲ್ಲ. ಮರುದಿನ ಅದು ಎಲ್ಲರಿಗೂ ಬಂತು. ಸಿಹಿಯಾದ, ದಪ್ಪನೆಯ, ಗಂಟಲಲ್ಲಿ ಕೂರುವ ವಾಸನೆ. ಅನಸವ್ವ ಮೂಗಿಗೆ ಸೆರಗು ಬಿಗಿದು ಕುಣಿಗೆ ಇಳಿದಳು. ಬದಿಯ ಕಲ್ಲುಗಳನ್ನು ಒಂದೊಂದಾಗಿ ಕಿತ್ತಳು. ಬಿಲದೊಳಗೆ ಕೈ ಹಾಕಿದಳು. ಸಿಕ್ಕಿದ್ದು ನೂಲಿನ ಚೂರು, ಮುರಿದ ಲಾಳಿ, ಹಪ್ಪಳದಂತೆ ಒಣಗಿದ ಒಂದು ಕಪ್ಪೆ, ಮತ್ತು ಕಣ್ಣು ತೆರೆಯದ ನಾಲ್ಕು ಗುಲಾಬಿ ಬಣ್ಣದ ಇಲಿಮರಿಗಳು. ಅವು ಅವಳ ಅಂಗೈಯಲ್ಲಿ ಮಿಸುಕಿದವು. ಅವಳು ಮೇಲೆ ಬಂದವಳೇ ಹಿತ್ತಲ ಬಚ್ಚಲಿನ ಬದಿಗೆ ಕೂತು ಕಾರಿಕೊಂಡಳು. ಆಮೇಲೆ ಕೈಯನ್ನು ಬೂದಿ ಹಚ್ಚಿ ತಿಕ್ಕಿದಳು, ಚರ್ಮ ಕೆಂಪಾಗುವ ತನಕ.

ಸತ್ತದ್ದು ಮಾತ್ರ ಸಿಗಲಿಲ್ಲ. ಅವಳು ಹಿತ್ತಲ ಗೋಡೆಯ ಮೇಲೆ ಬಗ್ಗಿ ಪಕ್ಕದ ಮನೆಯ ಲಕ್ಷ್ಮವ್ವನನ್ನು ಕೂಗಿದಳು.

"ಏ ಲಕ್ಷ್ಮವ್ವ, ನಿಮ್ಮ ಹಿತ್ತಲದಾಗ ಏನರ ಸತ್ತೈತೇನ ನೋಡ ಬೇ."

"ನಮ್ಮ ಹಿತ್ತಲದಾಗ ಸತ್ತರ ನಮ್ಮ ಮೂಗಿಗೆ ಬರತಿತ್ತು. ನಿನ್ನ ಮೂಗು ಚಿಮ್ಮಡದ ತನಕ ಚಾಚೇತಿ, ಮೊದಲ ನಿನ್ನ ಮನಿ ನೋಡ್ಕೋ."

"ಮನಿಯೆಲ್ಲ ಅಗದೇನಿ."

"ಹಂಗಾರ ನಿನ್ನ ಗಂಡನ ಅಂಗಿ ನೋಡು," ಎಂದು ಲಕ್ಷ್ಮವ್ವ ನಕ್ಕಳು. ಆದರೂ ತನ್ನ ಕಟ್ಟಿಗೆ ರಾಶಿಯನ್ನು ಸರಿಸಿ ನೋಡಿ, ಏನಿಲ್ಲ ಎಂದು ಗೋಡೆಯಾಚೆಯಿಂದಲೇ ಕೈ ಆಡಿಸಿದಳು.

ಕುಬಸದ ದಿನ ಹತ್ತಿರವಾಗುತ್ತಿತ್ತು. ಸ್ನೇಹಾ ಹೊರಗಿನ ಕಟ್ಟೆಯ ಮೇಲೆ ಊಟ ಮಾಡತೊಡಗಿದಳು. ಸೀರೆಯ ಮೈ ಮುಗಿದು ಸೆರಗು ಅರ್ಧಕ್ಕೆ ಬಂದಿತ್ತು. ಒಂದು ವಿಷಯ ಅನಸವ್ವನಿಗೆ ಅರ್ಥವಾಗುತ್ತಿರಲಿಲ್ಲ: ತಾನು ನೇಯ್ದಷ್ಟೂ ವಾಸನೆ ಹೆಚ್ಚುತ್ತಿತ್ತು. ಕುಣಿಯನ್ನು ಕೆದಕಿದ್ದೇ ತಪ್ಪಾಯಿತು ಎಂದು ವಿಠೋಬಾ ಹೇಳಿದ. ಅವಳು ಬಾಯಿಯಲ್ಲಿ ಲವಂಗ ಇಟ್ಟುಕೊಂಡು ಲಾಳಿ ಎಸೆಯುತ್ತಲೇ ಇದ್ದಳು.

ಗುರುವಾರ ಮಧ್ಯಾಹ್ನ ಅವಳು ಹಗ್ಗ ಸಡಿಲಿಸಿದಾಗ ಗಂಟು ತೀರ ಕೆಳಗೆ ಜಾರಿತು. ಸುತ್ತಿದ್ದ ಅರಿವೆ ಒದ್ದೆಯಾಗಿತ್ತು. ಎಣ್ಣೆ ಬಿದ್ದಿರಬೇಕೆಂದು ಅವಳು ಬಿಚ್ಚಿದಳು. ಗಂಜಿ ಹುಡುಕಿಕೊಂಡು ಹಗ್ಗದ ಮೇಲಿಂದ ಇಳಿದು ಬಂದ ಇಲಿ ಹಸಿರು ಎಳೆಗಳ ನಡುವೆ ಗೂಡಿನಂತೆ ಜಾಗ ಮಾಡಿಕೊಂಡು ಅಲ್ಲೇ ಸತ್ತಿತ್ತು. ಈಗ ಅದು ಇಲಿಯ ಆಕಾರದಲ್ಲಿರಲಿಲ್ಲ. ಕೂದಲು ಎಳೆಗಳಿಗೆ ಅಂಟಿತ್ತು. ಹೊಟ್ಟೆಯಿದ್ದ ಜಾಗದಲ್ಲಿ ಬಿಳಿ ಹುಳಗಳು ಅನ್ನ ಕುದಿಯುವಂತೆ ಕದಲುತ್ತಿದ್ದವು. ಎಲ್ಲರೂ ಕೆಳಗೆ ಹುಡುಕುತ್ತಿದ್ದಾಗ ಅದು ತಲೆಯ ಮೇಲೆ ತೂಗುತ್ತಿತ್ತು, ನೇಯ್ದಷ್ಟೂ ಹತ್ತಿರ ಬರುತ್ತಿತ್ತು.

ಅನಸವ್ವ ಕೂಗಲಿಲ್ಲ. "ಏನ್ರಿ, ಬರ್ರಿ ಇಲ್ಲಿ. ನಿಮ್ಮ ಕೆಲಸ ಆಗೇತಿ," ಎಂದಳು.

ವಿಠೋಬಾ ಇಕ್ಕಳದಿಂದ ಅದನ್ನು ತೆಗೆದ. ಒಮ್ಮೆಗೆ ಬರಲಿಲ್ಲ, ತುಂಡುತುಂಡಾಗಿ ಬಂತು. ಕಲೆ ಹತ್ತಿದ ಹಾಸನ್ನು ಕತ್ತರಿಸಿ ತೆಗೆದರು. ಸೆರಗು ಗೇಣುದ್ದ ಮೋಟಾದರೂ ಸೀರೆ ಸೀರೆಯಾಗಿಯೇ ಇಳಿಯಿತು. ಅವಳು ಅಂಟವಾಳದ ನೀರಿನಲ್ಲಿ ತೊಳೆದಳು, ಬಿಸಿಲಿಗೆ ಹಾಕಿದಳು, ಮತ್ತೆ ತೊಳೆದಳು. ಸೀರೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಲಕ್ಷ್ಮವ್ವ ಬಂದು ಮೂಸಿ, "ಬರೀ ಅಂಟವಾಳ ನಾರತೈತಿ," ಎಂದು ಸಾಕ್ಷಿ ಹೇಳಿದಳು.

ಸ್ನೇಹಾ ಅದನ್ನು ಕೈಗೆ ತೆಗೆದುಕೊಂಡಳು. ಮುಖದ ಹತ್ತಿರ ತರುವ ಮುಂಚೆಯೇ ತಿರುಗಿ ಚಾಚಿದಳು.

"ಅತ್ತೀ, ಸಿಟ್ಟಾಗಬ್ಯಾಡ್ರಿ. ನನಗ ಇದು ಉಡಾಕ ಆಗಂಗಿಲ್ಲ."

ಹೊರಗೆ ನಿಂತ ವಿಠೋಬಾ, "ಇಷ್ಟು ದಿನ ಈ ಕಾಯಿಲಿ ಅತ್ತಿ ಒಬ್ಬಾಕಿದಿತ್ತು, ಈಗ ಸೊಸಿಗೂ ಹತ್ತಿತು," ಎಂದ.

ಅನಸವ್ವ ಸೀರೆಯನ್ನು ತಿರುಗಿ ಇಸಿದುಕೊಂಡಳು. ತಾನೇ ಮೂಸಿ ನೋಡಿದಳು. ಅಂಟವಾಳದ ಹಿಂದೆ ಅದು ಇನ್ನೂ ಇತ್ತು, ಅಥವಾ ಇದೆ ಎಂದು ಅವಳಿಗೆ ಅನಿಸಿತು. ಎರಡಕ್ಕೂ ಅವಳ ಮಟ್ಟಿಗೆ ವ್ಯತ್ಯಾಸವಿರಲಿಲ್ಲ. "ಬಿಡು ಯವ್ವಾ, ನಾನೂ ಉಡತಿರಲಿಲ್ಲ," ಎಂದಳು.

ಕುಬಸದ ಸೀರೆ ಅಮೋಲನ ಅಂಗಡಿಯಿಂದ ಬಂತು, ಬನಹಟ್ಟಿಯ ಪಾವರ್‌ಲೂಮಿನದು. ಅದನ್ನು ತಂದುಕೊಟ್ಟ ಅಮೋಲ ಇಲಿಯ ಕಥೆ ಕೇಳಿ, ಮೊಳೆಗೆ ನೇತುಹಾಕಿದ್ದ ಹಸಿರು ಸೀರೆಯನ್ನು ನೋಡಿ, "ಇದನ್ನ ನನಗ ಕೊಡ್ರಿ ಅನಸವ್ವಾರ. ಇಸ್ತ್ರಿ ಹೊಡದು ಡಬ್ಬ್ಯಾಗ ಇಟ್ಟರ ಯಾರಿಗೆ ಗೊತ್ತಾಗತೈತಿ?" ಎಂದ. ವಿಠೋಬಾ ಹೆಂಡತಿಯ ಮುಖ ನೋಡಿದ. ಅವನಿಗೆ ಕೊಡುವ ಮನಸ್ಸಿತ್ತು.

"ಯಾರೋ ಒಬ್ಬಾಕಿ ಉಟಗೊಂಡು ದೇವರ ಮುಂದ ನಿಂದರತಾಳ," ಎಂದಳು ಅನಸವ್ವ. "ಆಕಿ ಮೈಮ್ಯಾಲೆ ಏನೈತಿ ಅಂತ ನನಗ ಗೊತ್ತಿರತೈತಿ. ಬ್ಯಾಡ."

ತವರಿನವರು ಉಂಡು ಚಿಮ್ಮಡಕ್ಕೆ ಹಿಂದಿರುಗಿದ ಮರುದಿನ ಬೆಳಿಗ್ಗೆ ನಗರಸಭೆಯ ಕಸದ ಗಾಡಿ ಓಣಿಗೆ ಬಂತು. ಅನಸವ್ವ ಸೀರೆಯನ್ನು ಗಾಡಿಯೊಳಗಿನ ಎಂಜಲೆಲೆಗಳ ಮೇಲೆ ಇಟ್ಟಳು. ಗಾಡಿಯ ಜೊತೆ ಬರುವ ಕಾವ್ಯ ಅದನ್ನು ಕೂಡಲೇ ಎತ್ತಿಕೊಂಡಳು. ಅಂಚಿನ ದಡಿಯನ್ನು ಬೆರಳಿನಿಂದ ಸವರಿ, ಮಡಿಕೆ ಬಿಚ್ಚಿ, ಹೆಗಲ ಮೇಲೆ ಹಾಕಿ ನೋಡಿದಳು.

"ಹೊಸಾ ಸೀರಿ ಐತಲ್ರಿ ಅವ್ವಾರ! ನಾ ಒಯ್ಯಲಿ? ಬಣ್ಣ ಬಿಡತೈತೇನ್ರಿ?"

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗಾಡಿಯೂ ಹೊರಡುವುದರಲ್ಲಿತ್ತು.

"ಬಣ್ಣ ಬಿಡಂಗಿಲ್ಲ," ಎಂದಳು ಅನಸವ್ವ. "ಇದರ ಹಾಸಿನಾಗ ಇಲಿ ಸತ್ತು ಕೊಳತಿತ್ತು. ಹುಳಾ ಆಗಿದ್ದವು. ತೊಳದೇನಿ. ಆದರೂ ಹೇಳಬೇಕಲ್ಲ."

"ಅಯ್ಯಯ್ಯ! ಮೊದಲ ಹೇಳಬಾರದೇನ್ರಿ!" ಕಾವ್ಯ ಸೀರೆಯನ್ನು ಹೆಗಲಿನಿಂದ ಕಿತ್ತು ಗಾಡಿಯೊಳಗೆ ಎಸೆದಳು. ಭುಜ ಒರೆಸಿಕೊಂಡಳು, ಒರೆಸಿದ ಕೈಯನ್ನು ಗಾಡಿಯ ತಗಡಿಗೆ ತಿಕ್ಕಿದಳು. "ದಿನಾ ಏನೇನೋ ಎತ್ತತೇನಿ ಖರೆ. ಇದು ಮಾತ್ರ ಥೂ!"

ಅನಸವ್ವ ಒಳಗೆ ಹೋಗಿ ತಂಬಿಗೆ ಮತ್ತು ಸೋಪು ತಂದಳು. ಬಾಗಿಲ ಮುಂದಿನ ಗಟಾರದ ಬದಿಗೆ ಇಬ್ಬರೂ ಬಗ್ಗಿ ನಿಂತರು. ಕಾವ್ಯಳ ಕೈಗೆ ನೀರು ಹಾಕಿದ ಮೇಲೆ ಅನಸವ್ವ ತಂಬಿಗೆಯನ್ನು ಅವಳಿಗೇ ಕೊಟ್ಟು ತನ್ನ ಕೈ ಒಡ್ಡಿದಳು. ಕಾವ್ಯ ನೀರು ಹಾಕಿದಳು; ಅನಸವ್ವ ಕೈ ತಿಕ್ಕಿ ಮತ್ತೆ ಒಡ್ಡಿದಳು.

"ಇನ್ನೊಮ್ಮೆ ಹಾಕು," ಎಂದಳು.