ಹೃದಯದ ತಳದಲ್ಲಿ ಐವತ್ತು ಎಂಎಲ್

ನನ್ನ ಮೊಮ್ಮಗಳು ಚೈತ್ರಾ ಬಯಾಲಜಿಯಲ್ಲಿ ಪಾಸಾದಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಎದೆ ಒಡೆದೀತು. ಬೆಳಿಗ್ಗೆಯಿಂದ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಸೊಪ್ಪಿನವಳಿಗೆ, ಇಸ್ತ್ರಿಯವನಿಗೆ, ವಿಳಾಸ ತಪ್ಪಿ ಬಂದ ಕೊರಿಯರ್‌ನವನಿಗೂ ಹೇಳಿಯಾಗಿದೆ. ಉಳಿದವರು ನೀವು.

ಮೊದಲ ಸಲ ಅವಳು ಫೇಲಾಗಿದ್ದಳು. ಈ ಸಲವೂ ಹೋದರೆ ನರ್ಸಿಂಗ್ ಸೇರುವ ಆಸೆ ಈ ವರ್ಷಕ್ಕೆ ಮುಗಿದಂತೆ. ಅವಳನ್ನು ಕೆಡವಿದ್ದು ಹೃದಯ. ಹುಡುಗರ ಹೃದಯವಲ್ಲ, ಅದಾಗಿದ್ದರೆ ನಾನೇ ಪೊರಕೆ ಹಿಡಿದು ಬಗೆಹರಿಸುತ್ತಿದ್ದೆ. ಇದು ಪುಸ್ತಕದ ಹೃದಯ. ನಿಮಿಷಕ್ಕೆ ಎಷ್ಟು ರಕ್ತ ಹೊರಗೆ ತಳ್ಳುತ್ತದೆ ಎಂಬ ಲೆಕ್ಕ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೃದಯದ ಬಗ್ಗೆ ಗೊತ್ತಿದ್ದುದೆಲ್ಲ ರೇಡಿಯೋದ ಹಾಡುಗಳಿಂದ. ಅಲ್ಲಿ ಅದು ಕರಗುತ್ತದೆ, ಕಳೆದುಹೋಗುತ್ತದೆ, ಒಬ್ಬರದನ್ನು ಇನ್ನೊಬ್ಬರು ಕದಿಯುತ್ತಾರೆ. ಅದು ಪಂಪಿನ ಕೆಲಸವನ್ನೂ ಮಾಡುತ್ತದೆಂದು ಯಾವ ಕವಿಯೂ ಹಾಡಲಿಲ್ಲ. ದೇವರು ಹೃದಯದಲ್ಲಿ ನೆಲೆಸಿದ್ದಾನೆ ಎನ್ನುತ್ತಾರಲ್ಲ, ನಿಮಿಷಕ್ಕೆ ಎಪ್ಪತ್ತೆರಡು ಸಲ ಹಿಂಡುವ ಮನೆಯಲ್ಲಿ ಅವನು ನಿದ್ದೆ ಹೇಗೆ ಮಾಡುತ್ತಾನೋ! ಲಿಂಗವನ್ನು ಎದೆಯ ಹೊರಗೇ ಕಟ್ಟಿಕೊಂಡ ನಮ್ಮ ಹಿರಿಯರು ಬುದ್ಧಿವಂತರು.

ಪರೀಕ್ಷೆಗೆ ವಾರವಿದ್ದಾಗ ಚೈತ್ರಾ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಪುಸ್ತಕಕ್ಕೆ ಬೈಯುತ್ತಿದ್ದಳು.

"ಹೃದಯದ ಕೋಣೆ ತುಂಬಿದಾಗ ನೂರಿಪ್ಪತ್ತು ಎಂಎಲ್ ಅಜ್ಜಿ. ಎಪ್ಪತ್ತೆರಡು ಸಲ ಬಡಿಯತ್ತೆ. ಗುಣಿಸಿದ್ರೆ ತಪ್ಪು ಅಂತಾರೆ!"

"ಹಿಂಡಿದ್ಮೇಲೆ ಪೂರ್ತಿ ಖಾಲಿ ಆಗತ್ತಾ?"

"ಇಲ್ಲ, ಐವತ್ತು ಉಳಿಯತ್ತೆ ಅಂತ ಕೊಟ್ಟಿದಾರೆ. ಅದ್ಯಾಕೆ ಕೊಟ್ಟಿದಾರೋ!"

ನಾನು ಆಗ ಅಕ್ಕಿಡಬ್ಬದ ಮುಂದೆ ಇದ್ದೆ. ನಮ್ಮ ಮನೆಯಲ್ಲಿ ತಳ ಕಾಣುವಂತೆ ಅಕ್ಕಿ ತೆಗೆಯುವುದಿಲ್ಲ. ಎರಡು ಹಿಡಿ ಉಳಿಸಿಯೇ ಹೊಸದು ಸುರಿಯುವುದು. ಅತ್ತೆ ಕಲಿಸಿದ್ದು. ಚೈತ್ರಾಗೆ ಇದೊಂದು ದೊಡ್ಡ ತಮಾಷೆ.

"ನೋಡೇ, ಡಬ್ಬದಲ್ಲಿ ಉಳಿದ ಅಕ್ಕಿ ಅನ್ನ ಆಗತ್ತೇನೆ? ಆಚೆ ಬಂದಿದ್ದಷ್ಟೇ ಲೆಕ್ಕ. ಉಳಿದಿದ್ದನ್ನ ಕಳೆದ್ಬಿಡು."

ಹುಡುಗಿ ಡಬ್ಬವನ್ನು ನೋಡಿದಳು, ಪುಸ್ತಕವನ್ನು ನೋಡಿದಳು. ನೂರಿಪ್ಪತ್ತರಲ್ಲಿ ಐವತ್ತು ಹೋದರೆ ಎಪ್ಪತ್ತು. ಅದನ್ನು ಎಪ್ಪತ್ತೆರಡರಿಂದ ಗುಣಿಸಿದರೆ ಐದು ಲೀಟರಿಗೆ ಚೂರು ಹೆಚ್ಚು. "ಅಜ್ಜೀ, ಬಂತು!" ಎಂದು ಅವಳು ಹಾರಿದ ರಭಸಕ್ಕೆ ಮೊಸರಿನ ಪಾತ್ರೆ ಉರುಳಿತು. ಅದರ ತಳದಲ್ಲಿ ಏನೂ ಉಳಿಯಲಿಲ್ಲ.

ತಳ ಕಂಡರೆ ಲಕ್ಷ್ಮಿ ಮುನಿಯುತ್ತಾಳೆ ಎಂದು ಅತ್ತೆ ಹೆದರಿಸುತ್ತಿದ್ದರು. ಲಕ್ಷ್ಮಿಯ ಮಾತು ಗೊತ್ತಿಲ್ಲ, ಹೃದಯಕ್ಕಂತೂ ಈ ಚಾಳಿ ಅತ್ತೆಗಿಂತ ಹಳೆಯದು.

ಪರೀಕ್ಷೆಯಲ್ಲಿ ಅದೇ ಲೆಕ್ಕ, ಬೇರೆ ಅಂಕಿ ಹೊತ್ತು ಬಂತು. ಅದಕ್ಕೆ ಮೂರು ಮಾರ್ಕು. ಚೈತ್ರಾ ಪಾಸಾದದ್ದು ಎರಡು ಮಾರ್ಕು ಹೆಚ್ಚಿಗೆ ಬಂದು. ಹಾಗಾದರೆ ಪಾಸು ಮಾಡಿಸಿದ್ದು ಯಾರೆಂದು ನಾನಾಗಿ ಹೇಳುವುದಿಲ್ಲ, ಬೀದಿಗೆಲ್ಲ ಹೇಳಿಯಾಗಿದೆ.

ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ನಮ್ಮ ಯಜಮಾನರು ಸೌಟು ಹಿಡಿದು ಪಾಯಸದ ಪಾತ್ರೆಯ ತಳ ಕೆರೆಯುತ್ತಿದ್ದರು. ಚೈತ್ರಾ ಅವರ ಕೈ ಹಿಡಿದಳು.

"ತಾತಾ, ಐವತ್ತು ಎಂಎಲ್ ಉಳಿಸಬೇಕು."

"ಪಾಯಸಕ್ಕೂ ಸಿಲಬಸ್ಸಾ?" ಎಂದರು ಅವರು.

ನಾನು ಸೌಟು ಕಿತ್ತುಕೊಂಡೆ. "ಇದು ಹೃದಯ ಅಲ್ಲ ಕಣೇ, ಪಾತ್ರೆ. ಇವತ್ತು ಖಾಲಿ ಆಗ್ಲಿ" ಎಂದು ಕೊನೆಯ ತೊಟ್ಟಿನವರೆಗೆ ಬಳಿದು ಅವಳ ಬಟ್ಟಲಿಗೇ ಸುರಿದೆ. ಎಲ್ಲರೂ ಮತ್ತೆ ಉಣ್ಣತೊಡಗಿದರು.